ಎತ್ತಿದ್ದು ನಿಲ್ಲಬೇಕು

"ಹಿಡ್ಕೊಳೇ ಪ್ರೇರಣಾ, ಎಡಕ್ಕೆ ವಾಲ್ತಾ ಅದಾರೆ!"

ಮಗಳು ಕೈಚಾಚುವ ಮೊದಲೇ ತುಂಗಮ್ಮ ಗಂಡನ ಭುಜಕ್ಕೆ ತಮ್ಮ ಭುಜ ಕೊಟ್ಟರು. ಸಾಮಾನು ಸಾಗಿಸುವ ಪುಟ್ಟ ಟೆಂಪೋದ ಹಿಂದಿನ ಚಕ್ರ ಕೆಸರಿನಲ್ಲಿ ಗಿರಗಿರನೆ ತಿರುಗಿ, ಇನ್ನಷ್ಟು ಹೂತುಕೊಂಡು ನಿಂತಿತು. ಓಂಕಾರಪ್ಪನವರು ಮಾತ್ರ ಹಣೆತುಂಬ ವಿಭೂತಿ, ಕೊರಳಲ್ಲಿ ರಜನಿಗಂಧದ ಹಾರ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಚಕ್ಕಂಬಕ್ಕಳ ಹಾಕಿ ಕೂತೇ ಇದ್ದರು. ಬದುಕಿದ್ದರೆ ಎಲ್ಲರಿಗಿಂತ ಮೊದಲು ಕೆಳಗೆ ಹಾರಿ, ಪಂಚೆ ಎತ್ತಿ ಕಟ್ಟಿ, ಚಕ್ರದಡಿ ತಲೆ ತೂರಿಸುತ್ತಿದ್ದ ಪ್ರಾಣಿ. ಈಗ ಟೆಂಪೋ ಹಾಳಾಗಿ ಹೋಗಲಿ ಎಂಬಂತೆ ಕೂತಿದ್ದರು.

ಡ್ರೈವರು ಇಳಿದು ನೋಡಿ, "ಆರ್ ಜಾಬೇ ನಾ, ಮಾಸಿಮಾ" ಎಂದ. ಇನ್ನು ಮುಂದಕ್ಕೆ ಹೋಗದು.

ಕಲ್ಕತ್ತಾದ ಟಾಲಿಗಂಜಿನ ಮನೆಯಿಂದ ಹೊರಟು, ಸೋನಾರ್‌ಪುರ ದಾಟಿ, ಡಾಂಬರು ಮುಗಿಯುವ ತನಕ ಬಂದದ್ದಾಗಿತ್ತು. ಮುಂದೆ ಎರಡು ಮೀನಿನ ಕೆರೆಗಳ ನಡುವೆ ಮಣ್ಣಿನ ಏರಿ. ಏರಿಯ ಕೊನೆಗೆ ವೈಷ್ಣವ ಸಾಧುಗಳದೊಂದು ಮಠ, ಅವರ ಮಾತಿನಲ್ಲಿ ಆಖಡಾ; ಓಂಕಾರಪ್ಪನವರು ಭಾನುವಾರ ಹೋಗುತ್ತಿದ್ದ ಜಾಗ. ಸುದ್ದಿ ಕೇಳಿ ಇಲ್ಲಿಗೇ ತನ್ನಿ ಎಂದವರು ಅಲ್ಲಿ ಗುಂಡಿ ತೋಡಿಕೊಂಡು ಇವರಿಗಾಗಿ ಕಾಯುತ್ತಿದ್ದರು. ರಾತ್ರಿಯ ಮಳೆಗೆ ಏರಿ ಮೊಣಕಾಲುದ್ದ ಕೆಸರಾಗಿತ್ತು. ಹೊತ್ತುಕೊಂಡು ನಡೆಯೋಣವೆಂದರೆ ಕೂತ ಹೆಣಕ್ಕೆ ನಾಲ್ಕು ಗಟ್ಟಿ ಹೆಗಲು ಬೇಕು. ಟೆಂಪೋಗೆ ಹತ್ತಿಸಿಕೊಟ್ಟ ಬೀದಿಯ ಹುಡುಗರು ಅಲ್ಲೇ ಉಳಿದಿದ್ದರು. ಇದ್ದದ್ದು ಸಕ್ಕರೆ ಕಾಯಿಲೆಯ ಒಬ್ಬ ಮೈದುನ.

ಆ ಮೈದುನ, ಚಂದ್ರಶೇಖರ, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಧ್ಯಾಹ್ನದ ವಿಮಾನಕ್ಕೆ ಬಂದಿಳಿದ ಮೇಲೆ ಒಂದು ಗುಟುಕು ನೀರು ಕುಡಿದಿರಲಿಲ್ಲ.

"ಅತ್ತಿಗೆಮ್ಮ, ಹೊತ್ತು ಮುಳುಗಾಕೆ ಬಂತು. ನಾ ಅಂತೀನಿ ಅಂತ ಬೈಬ್ಯಾಡ್ರಿ. ವಾಪಸ್ ಹೋಗಾನ. ಇಲ್ಲಿ ಕರೆಂಟಿನ ಒಲೆ ಐತಂತಲ್ಲ..."

"ಸುಡಾದಾ? ನಿಮ್ಮಣ್ಣನ್ನಾ?"

"ಈ ಊರಾಗೆ ಎಲ್ಲಾರೂ ಅದನ್ನೇ ಮಾಡ್ತಾರೆ."

"ಎಲ್ಲಾರೂ ಮೀನು ತಿಂತಾರೆ. ನೀನೂ ತಿಂತೀಯೇನಪ್ಪ?"

ಮಲಗಿಸಿ ಸುಡುವ ಊರಿನಲ್ಲಿ ಕೂರಿಸಿ ಹೂಳುವವರ ಪಾಡು ಬೆಳಿಗ್ಗೆಯಿಂದ ಇದೇ ಆಗಿತ್ತು. ನಿದ್ದೆಯಲ್ಲೇ ಹೋದ ಓಂಕಾರಪ್ಪನವರನ್ನು ಮೈ ಸೆಡೆಯುವ ಮೊದಲು ತಾಯಿ ಮಗಳೇ ಎಬ್ಬಿಸಿ, ಗೋಡೆಗೆ ಒರಗಿಸಿ, ಶಾಲಿನಿಂದ ಕಿಟಕಿ ಸರಳಿಗೆ ಕಟ್ಟಿದ್ದರು. ಬೀದಿಯ ಕ್ಲಬ್ಬಿನ ಹುಡುಗರು ಬಿದಿರಿನ ಚಟ್ಟ ಹೊತ್ತು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಒಬ್ಬನಂತೂ ಮೆಲ್ಲಗೆ, "ಕಾಕಾ ಇನ್ನೂ ಇದ್ದಾರಾ?" ಎಂದು ಕೇಳಿಯೇಬಿಟ್ಟ. ಅಳುವುದರ ನಡುವೆ ತುಂಗಮ್ಮನಿಗೆ ನಗು ಬಂದು, ಬಂದದ್ದಕ್ಕೆ ನಾಚಿಕೆಯೂ ಆಗಿತ್ತು.

ಏರಿಯ ಮೇಲಿಂದ ಡುಬುಡುಬು ಸದ್ದು ಕೇಳಿತು. ಬೂದು ಬಣ್ಣದ ಹಳೆಯ ವಿಲಾಯ್ತಿ ಟ್ರ್ಯಾಕ್ಟರೊಂದು ಕೆಸರು ಸೀಳಿಕೊಂಡು ಬರುತ್ತಿತ್ತು. ಮೇಲೆ ಬಿಳಿ ಪಂಚೆ, ಕೊರಳಲ್ಲಿ ತುಳಸಿಮಣಿ, ಎಪ್ಪತ್ತರ ಆಸುಪಾಸಿನ ಗೋಷ್ಠ ಗೋಸಾಯಿ, ಆಖಡಾದ ಹಿರಿಯರು. ಟ್ರ್ಯಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳು, ತೋಳುಗಳ ಮೇಲೆ ಬಿಗಿದ ಅಗಲವಾದ ಹಲಗೆ.

ತುಂಗಮ್ಮ ಅದನ್ನು ನೋಡಿದ್ದು ಅದೇ ಮೊದಲು. ಓಹೋ, ನನ್ನ ಸವತಿ ನೀನೇನಾ, ಅಂದುಕೊಂಡರು.

*

ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಮೇಲೆ ಓಂಕಾರಪ್ಪನವರಿಗೆ ಭಾನುವಾರವೆಂದರೆ ಆ ಟ್ರ್ಯಾಕ್ಟರು. ಅದರ ಹಿಂದಿನ ತೋಳುಗಳನ್ನು ಎತ್ತಿ ಹಿಡಿಯುವುದು ಹೊಟ್ಟೆಯೊಳಗೆ ಎಣ್ಣೆಯಲ್ಲಿ ಮುಳುಗಿ ಕೂತ ಒಂದು ಪಂಪು. ಆ ಪಂಪು ಸವೆದು, ಎತ್ತಿದ ಭಾರ ಚಹಾ ಕುಡಿದು ಮುಗಿಸುವಷ್ಟರಲ್ಲಿ ನೆಲಕ್ಕೆ ಬರುತ್ತಿತ್ತು. ಅದನ್ನು ಬಿಚ್ಚಿ ಮನೆಗೇ ತಂದರು. ತುಂಗಮ್ಮನ ಊಟದ ಮೇಜಿನ ಮೇಲೆ ತುಂಗಮ್ಮನವೇ ಸ್ಟೀಲ್ ತಟ್ಟೆಗಳಲ್ಲಿ ಪಿಸ್ಟನ್ನು, ಸ್ಪ್ರಿಂಗು, ಮಲ್ಲಿಕ್ ಬಜಾರಿನಲ್ಲಿ ಹುಡುಕಿ ತಂದ ರಬ್ಬರ್ ರಿಂಗುಗಳು. ಸೀಮೆಎಣ್ಣೆ ವಾಸನೆಗೆ ಸಾರು ಕೂಡ ಸೀಮೆಎಣ್ಣೆಯ ರುಚಿಯೇ.

ಮೊನ್ನೆ ಬುಧವಾರ ತುಂಗಮ್ಮ ಪೂಜೆಗೆ ಕೂತರೆ ವಿಭೂತಿ ಗಟ್ಟಿ ಅರ್ಧಕ್ಕರ್ಧ ಸವೆದಿತ್ತು. ಬಂದು ನೋಡಿದರೆ ಗಂಡ ಅದನ್ನು ಪುಡಿ ಮಾಡಿ, ಎಣ್ಣೆಯಲ್ಲಿ ಕಲಸಿ, ಬೆರಳುದ್ದದ ವಾಲ್ವಿಗೆ ಸವರಿ, ಅದರ ಗೂಡಿನೊಳಗೆ ಹಾಕಿ ತಿರುವುತ್ತಾ ಕೂತಿದ್ದಾರೆ.

"ಶಿವ ಶಿವಾ! ಹಣೆಗಿಡೋದನ್ನ ಕಬ್ಬಿಣಕ್ಕೆ ಉಜ್ಜೋದೇನ್ರೀ?"

"ಅಂಗಡಿ ಪುಡಿ ಉಜ್ಜಿದ್ರೆ ಗೀರು ಬೀಳ್ತೈತೆ. ಇಷ್ಟು ನುಣ್ಣಂದು ಕಲ್ಕತ್ತಾದಾಗೆ ಬೇರೆ ಎಲ್ಲಿ ಸಿಗುತ್ತೆ ಹೇಳು? ವಾಲ್ವು ಸರಿಯಾಗಿ ಕೂತ್ರೆ ಎಣ್ಣೆ ಸೋರಲ್ಲ. ಎಣ್ಣೆ ಸೋರದಿದ್ರೆ ಎತ್ತಿದ್ದು ನಿಲ್ಲುತ್ತೆ. ಎತ್ತಿದ್ದು ನಿಲ್ಲಬೇಕು ಕಣೇ, ಪಂಪಿನ ಧರ್ಮ ಅಷ್ಟೇ."

"ಧರ್ಮದ ಮಾತು ಬೇರೆ! ಈ ವಯಸ್ಸಿನಾಗೆ ಒಂದು ಕಡೆ ಸುಮ್ನೆ ಕೂರಕ್ಕೆ ಏನು ದಾಡಿ ನಿಮಗೆ?"

"ಕೂರಕ್ಕೇ ಇದೆಲ್ಲಾ ಮಾಡ್ತಿರೋದು" ಎಂದು ಓಂಕಾರಪ್ಪ ತಮ್ಮಷ್ಟಕ್ಕೆ ನಕ್ಕಿದ್ದರು. ಅರೆಮರುಳು ಎಂದುಕೊಂಡು ತುಂಗಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕಿದ್ದರು.

*

"ಬೌದಿ, ದಾದಾನನ್ನು ಹಲಗೆ ಮೇಲೆ ಕೂರಿಸಿ" ಎಂದರು ಗೋಸಾಯಿ. ಬಂಗಾಳಿಯಲ್ಲಿ ಅಣ್ಣ ದಾದಾ, ಅಣ್ಣನ ಹೆಂಡತಿ ಬೌದಿ. ನಲವತ್ತು ವರ್ಷ ಕೇಳಿ ಕೇಳಿ ತುಂಗಮ್ಮನಿಗೆ ಆ ಭಾಷೆ ಮನೆಯದೇ ಆಗಿತ್ತು.

ಪ್ರೇರಣಾ ಅಡ್ಡ ನಿಂತಳು. ಜಾದವ್‌ಪುರದ ಶಾಲೆಯಲ್ಲಿ ಪಾಠ ಹೇಳುವ ಅವಳಿಗೆ ಕನ್ನಡ ಕಿವಿಗೆ ಬಂದಷ್ಟು ಬಾಯಿಗೆ ಬಾರದು. "ಅಮ್ಮಾ, ಇದರಲ್ಲಿ ಬೇಡ, ಪ್ಲೀಸ್. ಲಾಸ್ಟ್ ಸಂಡೇ ಅಪ್ಪ ನನಗೆ ವಿಡಿಯೋ ಕಳಿಸಿದ್ರು. ಇಟ್ಟಿಗೆ ಇಟ್ಟು ಇಂಜಿನ್ ಆಫ್ ಮಾಡಿದ್ರು. ಹಲಗೆ ಸ್ಲೋ ಆಗಿ ಕೆಳಗೆ ಬಂತು, ಒಂದು ಸೈಡ್ ತಾಗಿ ಎಲ್ಲಾ ಇಟ್ಟಿಗೆ ಬಿದ್ದೋಯ್ತು. ಫೇಲ್ ಅಂತ ಅಪ್ಪನೇ ಬರೆದಿದ್ರು."

"ಅದಾದ ಮೇಲೆ ಮತ್ತೆ ಬಿಚ್ಚಿ ಒಯ್ದರಲ್ಲ" ಎಂದರು ಗೋಸಾಯಿ, ವಿಡಿಯೋ, ಫೇಲ್ ಎಂಬ ಮಾತುಗಳಿಂದಲೇ ವಿಷಯ ಹಿಡಿದು. "ಗುರುವಾರ ತಂದು ಕೂರಿಸಿದರು. ಎಣ್ಣೆ ತುಂಬಿದರು. ಭಾರ ಹೇರಿ ನೋಡುವುದು ಭಾನುವಾರ ಅಂದು ಹೊರಟರು."

ಅಂದು ಶನಿವಾರ.

"ಅಂದ್ರೆ ಇದು ನಿಲ್ಲುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ" ಎಂದರು ಚಂದ್ರಶೇಖರ, ಪ್ರೇರಣಾ ಕನ್ನಡದಲ್ಲಿ ತಿಳಿಸಿದ ಮೇಲೆ ಧ್ವನಿ ಏರಿಸಿ. "ಅಣ್ಣ ಮಗುಚಿ ಕೆರೆಗೆ ಬಿದ್ರೆ? ಲಿಂಗ ಕೈಯಾಗೈತೆ ಅತ್ತಿಗೆಮ್ಮ! ನಾಳೆ ಊರಾಗೆ ಏನಂತ ಮುಖ ತೋರಿಸ್ಲಿ?"

ಗೋಸಾಯಿಗೆ ಕನ್ನಡ ತಿಳಿಯದಿದ್ದರೂ ಮಾತಿನ ಬಿಸಿ ತಿಳಿಯಿತು. "ಬೌದಿ, ಒಂದು ಮಾತು. ದಾದಾ ನಮ್ಮಿಂದ ಕೂಲಿ ಅಂತ ಏನೂ ತೆಗೆದುಕೊಂಡವರಲ್ಲ. ನಮ್ಮ ಹಿರಿಯರನ್ನೂ ಕೂರಿಸಿಯೇ ಸಮಾಧಿ ಮಾಡುವುದನ್ನು ಒಮ್ಮೆ ಬಂದು ನೋಡಿದ್ದರು. ಪಂಪು ಸರಿ ಮಾಡಿಕೊಡುತ್ತೇನೆ, ಬೇಲದ ಮರದಡಿ ಕೂರುವಷ್ಟು ಜಾಗ ಕೊಡಿ ಅಂದರು. ಇಬ್ಬರಿಗೆ."

"ಇಬ್ಬರಿಗಾ?"

"ನಿಮಗೂ ಸೇರಿಸಿ."

ತುಂಗಮ್ಮನಿಗೆ ಮೊದಲು ಬಂದದ್ದು ಸಿಟ್ಟು. ನನ್ನನ್ನು ಒಂದು ಮಾತು ಕೇಳದೆ! ಆಮೇಲೆ ಆ ಸಿಟ್ಟಿನ ಬೆನ್ನಿಗೇ ದುಃಖ ಉಕ್ಕಿ ಬಂದು, ಕೆಸರಲ್ಲಿ ನಿಂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡರು.

*

ಕೆಲವು ವರ್ಷಗಳ ಹಿಂದೆ ನಂಜುಂಡಪ್ಪನವರು ತೀರಿಕೊಂಡಿದ್ದರು. ಓಂಕಾರಪ್ಪನವರ ಜೊತೆ ಒಂದೇ ಶೆಡ್ಡಿನಲ್ಲಿದ್ದವರು, ಅವರದೇ ಜಿಲ್ಲೆಯವರು, ಅವರದೇ ಮತದವರು. ಎಲ್ಲಿ ಹೂಳಬೇಕೆಂದು ಸ್ನೇಹಿತರು ಬೆಳಗಿನಿಂದ ಸಂಜೆಯವರೆಗೆ ಊರೆಲ್ಲ ಅಲೆದು, ಕೊನೆಗೆ ಕೈಚೆಲ್ಲಿ ವಿದ್ಯುತ್ ಚಿತಾಗಾರಕ್ಕೆ ಒಯ್ದರು. ಕೂರಿಸಿದ್ದವರನ್ನು ಅಲ್ಲಿ ಮಲಗಿಸಬೇಕಾಯಿತು. ಮೈ ಸೆಡೆದಿತ್ತು.

ಓಂಕಾರಪ್ಪ ಮನೆಗೆ ಬಂದು ಸ್ನಾನ ಮಾಡಿ ಊಟದೆದುರು ಕೂತವರು ಅನ್ನ ಮುಟ್ಟಲಿಲ್ಲ.

"ಕಾಲು ನೀಡಿಸಾಕೆ ನಾಲ್ಕು ಜನ ಒತ್ತಿದ್ರು ತುಂಗಾ" ಎಂದಿದ್ದರು. "ನಾನೂ ಒಬ್ಬ ಒತ್ತಿದೆ."

ಆಮೇಲೆ ಆ ಮಾತು ಎತ್ತಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೇ ಭಾನುವಾರದ ತಿರುಗಾಟ ಶುರುವಾದದ್ದು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ತುಂಗಮ್ಮನಿಗೆ ಇಷ್ಟು ದಿನ ಬಂದಿರಲಿಲ್ಲ.

*

"ಚಂದ್ರು, ಆ ಕಡೆ ಹಿಡಿಯಪ್ಪ" ಎಂದರು ತುಂಗಮ್ಮ.

"ಅತ್ತಿಗೆಮ್ಮ..."

"ಬಿದ್ರೆ ನಾನೂ ಜತೆಗೆ ಬೀಳ್ತೀನಿ. ಹಿಡಿ."

ಟೆಂಪೋದಿಂದ ಹಲಗೆಗೆ ಓಂಕಾರಪ್ಪನವರನ್ನು ಸರಿಸುವಷ್ಟರಲ್ಲಿ ಡ್ರೈವರೂ ಕೈಜೋಡಿಸಿದ. ತುಂಗಮ್ಮ ಸೆರಗು ಬಿಗಿದು ಹಲಗೆ ಹತ್ತಿ, ಗಂಡನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತು, ಸೊಂಟಕ್ಕೆ ತೋಳು ಬಳಸಿದರು. ಮದುವೆಯ ಮೆರವಣಿಗೆಯಲ್ಲಿ ಕೂತ ಮೇಲೆ ನಾಲ್ಕು ಜನರ ಎದುರು ಹೀಗೆ ಕೂತದ್ದೇ ಇಲ್ಲ. ಗೋಸಾಯಿ ಸನ್ನೆಕೋಲು ಎಳೆದರು. ಹೊಟ್ಟೆಯೊಳಗೆ ಪಂಪು ಗುಂಯ್ ಎಂದು ನರಳಿತು. ಹಲಗೆ ತೂಗಾಡಿ, ಮೆಲ್ಲಗೆ ಮೇಲೆದ್ದಿತು.

ಟ್ರ್ಯಾಕ್ಟರು ಹೊರಟಿತು. ಎರಡೂ ಕಡೆ ನೀರು, ಕೆಂಪಗೆ ಇಳಿಯುತ್ತಿದ್ದ ಸೂರ್ಯ. ಚಂದ್ರಶೇಖರ ಹಲಗೆಯಡಿ ಎರಡೂ ಅಂಗೈ ಒಡ್ಡಿಕೊಂಡು, ಕೆಸರಲ್ಲಿ ಜಾರುತ್ತ ಹಿಂದೆಯೇ ಬಂದರು. ಪ್ರೇರಣಾ ಮುಂದೆ ನಡೆದು ದಾರಿ ತೋರಿಸುತ್ತಿದ್ದಳು. ಚಕ್ರ ಹಳ್ಳಕ್ಕಿಳಿದಾಗಲೆಲ್ಲ ಓಂಕಾರಪ್ಪನವರ ತಲೆ ಹೆಂಡತಿಯ ಹೆಗಲಿಗೆ ಬಂದು ತಾಗುತ್ತಿತ್ತು.

ಆಖಡಾದ ಗೇಟಿನ ಮುಂದೆ ಎರಡು ಕೆರೆಗಳ ನೀರು ಸೇರುವ ಕಿರಿದಾದ ಮೋರಿ. ತಡೆಗೋಡೆ ಇಲ್ಲ, ಹಾಸುಗಲ್ಲು ಬಲಕ್ಕೆ ಇಳಿಜಾರು. ಹಿಂದಿನ ಚಕ್ರ ಅದನ್ನು ದಾಟಿದ್ದೇ ತಡ, ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಯಿತು.

ಸದ್ದೆಲ್ಲ ಅಡಗಿತು. ಇಂಜಿನ್ನು ನಿಂತರೆ ಪಂಪೂ ನಿಂತಂತೆ. ಈಗ ಹಲಗೆಯನ್ನು ಹಿಡಿದಿದ್ದದ್ದು ಒಳಗಿನ ಒಂದಿಷ್ಟು ಎಣ್ಣೆ, ಆ ಎಣ್ಣೆಯನ್ನು ತಡೆದಿದ್ದದ್ದು ಬೆರಳುದ್ದದ ವಾಲ್ವು. ಹಲಗೆ ಇಳಿದರೆ ಮೊದಲು ಕಲ್ಲಿಗೆ ತಾಗುವುದು ಎಡತುದಿ. ಬಲಕ್ಕೆ ನೀರು. ತುಂಗಮ್ಮನ ಇಳಿಬಿಟ್ಟ ಕಾಲಿಗೂ ಕಲ್ಲಿಗೂ ನಡುವೆ ಗೇಣು ಜಾಗ.

"ಯಾರೂ ಅಲುಗಾಡಬೇಡಿ" ಎಂದರು ಗೋಸಾಯಿ. ಕೆಳಗಿಳಿದು, ಮುಂದೆ ಹೋಗಿ ಹ್ಯಾಂಡಲ್ ಹಾಕಿ ತಿರುಗಿಸಿದರು. ಹತ್ತಲಿಲ್ಲ. ಮತ್ತೆ ತಿರುಗಿಸಿದರು.

"ಇಳೀತಾ ಐತೇನೋ ಚಂದ್ರು?" ತುಂಗಮ್ಮ ಉಸಿರು ಬಿಗಿಹಿಡಿದು ಕೇಳಿದರು.

"ಗೊತ್ತಾಗ್ತಿಲ್ರಿ... ನನ್ನ ಕೈಯೇ ನಡುಗ್ತಾ ಐತೆ."

ಪ್ರೇರಣಾ ಗೇಟಿನತ್ತ ಓಡಿದಳು. ಗುಂಡಿ ತೋಡಿದ ಸಾಧುಗಳು, ಅಕ್ಕಪಕ್ಕದ ಮೀನುಗಾರರು ಬಾಗಿಲ ಕದವೊಂದನ್ನು ಹೊತ್ತು ಬರುವ ತನಕ ತುಂಗಮ್ಮ ಗಂಡನನ್ನು ಅವಚಿಕೊಂಡು ಕೂತರು. ತೋಳು ಜೋಮು ಹಿಡಿಯಿತು. ರೀ, ಇನ್ನೊಂಚೂರು, ಇನ್ನೊಂಚೂರು ಎಂದು ಅವರ ಕಿವಿಯ ಬಳಿ ಗೊಣಗುತ್ತಲೇ ಇದ್ದರು. ಹೇಳುತ್ತಿದ್ದದ್ದು ಗಂಡನಿಗೋ ಪಂಪಿಗೋ ಅವರಿಗೇ ತಿಳಿಯದು.

ಜನ ಬಂದರು. ಕದವನ್ನು ಹಲಗೆಯ ಮಟ್ಟಕ್ಕೆ ಹಿಡಿದು, ಓಂಕಾರಪ್ಪನವರನ್ನು ಕೂತ ಹಾಗೆಯೇ ಅದರ ಮೇಲೆ ಸರಿಸಿಕೊಂಡು, ಹೆಗಲಿಗೇರಿಸಿದರು. ಅವರು ನೆಟ್ಟಗೆ ಕೂತು ಗೇಟಿನೊಳಗೆ ಹೋದರು. ಪ್ರೇರಣಾ ಅಪ್ಪನ ಬೆನ್ನಿಗೆ ಕೈಯೊತ್ತಿ ಹಿಡಿದು ಜೊತೆಗೇ ಹೋದಳು.

ಚಂದ್ರಶೇಖರ ಹಲಗೆಯಡಿಯಿಂದ ಅಂಗೈಗಳನ್ನು ಒಂದೊಂದಾಗಿ ಹಿಂತೆಗೆದರು. "ಇಳೀರಿ ಅತ್ತಿಗೆಮ್ಮ, ಅಲ್ಲಿ ಕಾಯ್ತಾರೆ."

"ಬಂದೆ, ತಡಿ" ಎಂದು ತುಂಗಮ್ಮ ಅಲ್ಲೇ ಕೂತು, ಬಗ್ಗಿ ಕೆಳಗೆ ನೋಡಿದರು. ಕೆಸರು ಮೆತ್ತಿದ ಅವರ ಹೆಬ್ಬೆರಳಿಗೂ ಮೋರಿಯ ಕಲ್ಲಿಗೂ ನಡುವೆ ಗೇಣು ಜಾಗ ಹಾಗೇ ಇತ್ತು.