ಸಾಕ್ಷಿಗೆ ಕೊಟ್ಟ ದನಿ

ಮೈಕಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬ್ಯಾಂಕಿನವರನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ದಿನವಿಡೀ "ಪ್ರಯಾಣಿಕರ ಗಮನಕ್ಕೆ" ಎಂದು ಕೂಗುವ ಧ್ವನಿಮುದ್ರಣ ಅವನದು. ಊರಿಗೆ ಊರೇ ಆ ದನಿ ಕೇಳಿ ಬಸ್ಸು ಹತ್ತಿದೆ, ಬಸ್ಸು ತಪ್ಪಿಸಿಕೊಂಡಿದೆ, ತಡವಾದಾಗಲೆಲ್ಲ ಆ ದನಿಗೇ ಹಿಡಿಶಾಪ ಹಾಕಿದೆ. ಅವನಿಗೆ ಮಾತ್ರ ಒಳಗೊಳಗೇ ಕೊರಗು. ಇಂಥ ಕಂಠ ಪ್ಲಾಟ್‌ಫಾರಂ ನಂಬರು ಹೇಳುವುದರಲ್ಲೇ ಸವೆದುಹೋಗುತ್ತಿದೆಯಲ್ಲ ಎಂದು ಹೆಂಡತಿಯ ಹತ್ತಿರ ಆಗಾಗ ಗೊಣಗುತ್ತಿದ್ದ.

ಹಾಗಾಗಿ ಸಾಕ್ಷ್ಯಚಿತ್ರವೊಂದಕ್ಕೆ ದನಿ ಕೊಡುತ್ತೀರಾ ಎಂದು ಕೇಳಿದ್ದೇ ತಡ, ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಚಿತ್ರ ಕುಡಿಯುವ ನೀರಿನ ಹಗರಣದ್ದು. ಮಂತ್ರಿಯ ಭಾವಮೈದ ಹಾಕಿಸಿದ ಕೊಳವೆಗೆ ಚರಂಡಿ ನೀರು ಸೇರಿ ಮಕ್ಕಳು ಸಾಲುಸಾಲಾಗಿ ಆಸ್ಪತ್ರೆ ಸೇರಿದ್ದರು, ಕೆಲವರು ತೀರಿಕೊಂಡೂ ಇದ್ದರು. ಆದರೂ ನೀರು ಪರೀಕ್ಷಿಸುವ ಪ್ರಯೋಗಾಲಯದ ವರದಿಯಲ್ಲಿ ಎಲ್ಲವೂ ಶುದ್ಧ! ಅದು ಹೇಗೆಂದು ಕಣ್ಣಾರೆ ಕಂಡು, ಬಾಯಿಬಿಟ್ಟು ಹೇಳಿದವಳು ಒಬ್ಬಳೇ, ಅಲ್ಲಿ ಬಾಟಲಿ ತೊಳೆಯುವ ಹೆಂಗಸು. ಅವಳು ಇನ್ನೂ ಅಲ್ಲೇ ಕೆಲಸಕ್ಕಿದ್ದಳು. ಮಂತ್ರಿಯ ಕಡೆಯವರಿಗೆ ಗೊತ್ತಾದರೆ ಕೆಲಸ ಹೋಗುವುದಿರಲಿ, ನೆಟ್ಟಗೆ ಮನೆ ಸೇರುವುದೂ ಕಷ್ಟವಿತ್ತು. ಆದ್ದರಿಂದ ತೆರೆಯ ಮೇಲೆ ಬರೀ ಒಂದು ನೆರಳು, ಹೆಂಗಸೆಂದೂ ತಿಳಿಯದಂತೆ ಗಂಡಸಿನ ದನಿ.

ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೈಕಣ್ಣ ಅವಳ ಮಾತನ್ನು ಮಧ್ಯಾಹ್ನವೆಲ್ಲ ಕೇಳಿದ. ಮುಖ ನೋಡಿರಲಿಲ್ಲ, ಹೆಸರು ಗೊತ್ತಿರಲಿಲ್ಲ, ದನಿ ಮಾತ್ರ ಕಿವಿಯಲ್ಲಿ ಕೂತುಬಿಟ್ಟಿತು. ಎರಡು ಮಾತಿಗೊಮ್ಮೆ "ಸುಳ್ಳಲ್ಲ ಮತ್ತೆ" ಅನ್ನುತ್ತಿದ್ದಳು, ಹೇಳಿದ್ದನ್ನು ಅರ್ಧಕ್ಕೇ ನಿಲ್ಲಿಸಿ ತಾನೇ ತಿದ್ದಿಕೊಳ್ಳುತ್ತಿದ್ದಳು. ಓದುವಾಗ ಅವಳ ಹಾಗೆಯೇ ತಡವರಿಸಲು ಹೊರಟ. ಗಾಜಿನ ಆಚೆ ಕೂತಿದ್ದ ನಿರ್ದೇಶಕ ಕೈ ಎತ್ತಿದ.

"ಬೇಡ ಸಾರ್. ಮಾತಿನ ರೀತಿ ಬಂದ್ರೆ ಆಫೀಸಿನೋರು ಕಂಡುಹಿಡಿದುಬಿಡ್ತಾರೆ. ಸಪ್ಪೆಯಾಗಿ ಓದಿ."

ಸಪ್ಪೆಯಾಗಿ ಓದಿ ಅಂದರೆ ಪಾಪ ಅವನು ಇನ್ನು ಹೇಗೆ ಓದಿಯಾನು! ಜೀವಮಾನವಿಡೀ ಓದಿದ ಹಾಗೆಯೇ ಓದಿದ. ನಿರ್ದೇಶಕ ಬೇರೆ ಊರಿನವನು, ಕಾರು ಬಿಟ್ಟು ಕೆಳಗಿಳಿಯದವನು, ಬಸ್ ನಿಲ್ದಾಣದ ಮುಖ ಕಂಡವನೇ ಅಲ್ಲ. "ಸೂಪರ್ ಸಾರ್" ಎಂದ.

ಚಿತ್ರ ತೋರಿಸಿದ್ದು ಊರಿನ ಸಭಾಂಗಣದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಮೈಕಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಹೋದ.

"ಅಳಿಯಂದ್ರು ಬಸ್ಸಿನ ಸುದ್ದಿ ಬಿಟ್ಟು ಬೇರೆ ಏನಾದ್ರೂ ಮಾತಾಡೋದನ್ನ ಕೇಳಿ ಕಣ್ಣು ಮುಚ್ಕೋಬೇಕು ಅಂತಿತ್ತು" ಎಂದರು ಅತ್ತೆ.

"ಸುಮ್ನಿರಮ್ಮ, ಎಲ್ರಿಗೂ ಕೇಳುತ್ತೆ" ಎಂದಳು ಹೆಂಡತಿ. ಎಲ್ಲರಿಗೂ ಕೇಳಲಿ ಎಂದೇ ಅವಳೂ ಜೋರಾಗಿ ಹೇಳಿದ್ದಳು.

ಬಾಗಿಲ ಬಳಿ ನೂಕುನುಗ್ಗಲು. ಅಷ್ಟರಲ್ಲಿ ಬೆನ್ನ ಹಿಂದೆ ಒಬ್ಬ ಹೆಂಗಸು ಜೊತೆಗಾತಿಗೆ ಹೇಳುತ್ತಿದ್ದುದು ಕೇಳಿಸಿತು. "ಮಂಡಿ ಹಿಡ್ಕೊಂಡುಬಿಟ್ಟಿದೆ ಕಣೇ, ಸುಳ್ಳಲ್ಲ ಮತ್ತೆ." ಹೆಡ್‌ಫೋನಿನಲ್ಲಿ ಕೇಳಿದ ಅದೇ ದನಿ! ತಿರುಗಿ ನೋಡಿದರೆ ಕಂದು ಶಾಲು ಹೊದ್ದ, ಕೃಶವಾದ ಹೆಂಗಸು. ಅವಳ ಜೊತೆ ಏಳೆಂಟು ಜನ, ಎಲ್ಲ ಪ್ರಯೋಗಾಲಯದ ಸಿಬ್ಬಂದಿ. ಅವರ ಮೇಲ್ವಿಚಾರಕನೇ ಶಾಲೆ ಮಕ್ಕಳನ್ನು ತರುವಂತೆ ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದ. ಬರದೆ ಉಳಿದರೆ ಅನುಮಾನ ತಮ್ಮ ಮೇಲೇ ತಾನೇ? ಹಾಗಾಗಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಅವರನ್ನೆಲ್ಲ ಎರಡನೆಯ ಸಾಲಿನಲ್ಲಿ ಕೂರಿಸಿ, ಅವನು ಆ ಸಾಲಿನ ತುದಿಯಲ್ಲಿ ಕುಳಿತ. ಮೈಕಣ್ಣನ ಮನೆಯವರಿಗೆ ಸ್ವಲ್ಪ ಹಿಂದೆ, ಪಕ್ಕದ ಭಾಗದಲ್ಲಿ ಜಾಗ ಸಿಕ್ಕಿತು.

ಚಿತ್ರ ಶುರುವಾಯಿತು. ಆಸ್ಪತ್ರೆಯ ಹಾಸಿಗೆಗಳು ಬಂದಾಗ ಜನ ಲೊಚಗುಟ್ಟಿದರು, ಮಂತ್ರಿ ಬಂದಾಗ ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು, ಇನ್ಯಾರೋ ಬೈದರು. ಕೊನೆಗೆ ತೆರೆಯ ಮೇಲೆ ನೆರಳು ಬಂತು. ನೆರಳು ಬಾಯಿ ತೆರೆಯಿತು.

"ಬಾಟಲಿಗಳನ್ನು ನಲ್ಲಿಯ ಬಳಿಗೆ ಒಯ್ಯಲಿಲ್ಲ."

ನಡುವಿನ ಸಾಲಿನಿಂದ ಒಬ್ಬ, "ಅಯ್ಯೋ, ಬಸ್ ಸ್ಟ್ಯಾಂಡು!" ಎಂದ. ಅಷ್ಟೇ ಸಾಕಾಯಿತು. ಕಿಸಕ್ಕೆಂದವರು, ಮುಸಿಮುಸಿ ನಕ್ಕವರು, ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕವರು! "ಬಾಟಲಿ ಎಷ್ಟನೇ ಪ್ಲಾಟ್‌ಫಾರಮ್ಮಿಂದ ಹೊರಡುತ್ತೆ?" ಎಂದು ಇನ್ನೊಬ್ಬ ಕೂಗಿದ. ಮಕ್ಕಳ ಸಾವಿನ ಮಾತು ಬಂದಾಗಲೂ ನಗು ನಿಲ್ಲಲಿಲ್ಲ. ಮೈಕಣ್ಣನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಹೆಂಡತಿ ಅವನ ಕೈ ಹಿಡಿದುಕೊಂಡಳು. ಕಂದು ಶಾಲಿನವಳು ತಲೆ ತಗ್ಗಿಸಿ ಕೂತಿದ್ದಳು.

ಚಿತ್ರ ಮುಗಿದು ದೀಪ ಹತ್ತಿತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ನಿರ್ದೇಶಕ ವೇದಿಕೆಯ ಮೇಲೆ ನಿಂತ. ಮೇಲ್ವಿಚಾರಕ ನಿಧಾನವಾಗಿ ಎದ್ದ.

"ನಾನು ಅದೇ ಪ್ರಯೋಗಾಲಯದ ಮೇಲ್ವಿಚಾರಕ. ಇವರು ತೋರಿಸಿದ ಸಾಕ್ಷಿ ನಮ್ಮಲ್ಲಿ ಇಲ್ಲವೇ ಇಲ್ಲ. ಬಸ್ ಸ್ಟ್ಯಾಂಡಿನವರ ಕೈಲಿ ಕಟ್ಟುಕತೆ ಓದಿಸಿದ್ದಾರೆ, ನೀವೇ ಕೇಳಿದ್ರಲ್ಲ. ಇದ್ರೆ ಕರೀರಿ, ಎದ್ದು ನಿಲ್ಲಲಿ."

"ಹೌದು, ಕರೀರಿ!" ಎಂದು ನಾಲ್ಕಾರು ದನಿಗಳು. ಮುಂಚೆ ಮಂತ್ರಿಯನ್ನು ಬೈದವರೂ ಅದರಲ್ಲಿ ಸೇರಿದ್ದರು. ನಿರ್ದೇಶಕನ ಮುಖ ಬಿಳಿಚಿಕೊಂಡಿತು. ಕರೆಯುವುದು ಯಾರನ್ನು? ಕಂದು ಶಾಲಿನವಳ ಕೈ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿಯಿತು. ಬೆರಳು ಬಿಗಿಯಾದವು. ಎದ್ದೇ ಬಿಡುತ್ತಾಳೆ ಎಂದು ಮೈಕಣ್ಣನಿಗೆ ಖಾತ್ರಿಯಾಯಿತು. ಎದ್ದರೆ ಅವಳ ಕತೆ ಮುಗಿಯಿತು. ತನ್ನ ದರಿದ್ರ ದನಿಯಿಂದ ತಾನೇ ಅವಳನ್ನು ಆ ಸ್ಥಿತಿಗೆ ತಂದೆ ಅನ್ನಿಸಿತು. ಅವಳು ಏಳುವ ಮೊದಲೇ ಅವನು ಎದ್ದ.

"ಓದಿದ್ದು ನಾನೇ" ಎಂದ. ಮತ್ತೆ ನಗು ಶುರುವಾಯಿತು. "ನಗ್ರಿ. ಓದಿದ್ದು ನಾನು, ಮಾತು ನನ್ನದಲ್ಲ. ನಾನು ಕೆಟ್ಟದಾಗಿ ಓದಿದೆ. ಆ ಜೀವ ಹೇಗೆ ಹೇಳ್ತು ಅಂತ ನನ್ ಕಿವಿಲಿದೆ, ಕೇಳಿ."

ನಿರ್ದೇಶಕ ವೇದಿಕೆಯಿಂದ, "ಸಾರ್, ಬೇಡ ಸಾರ್" ಎಂದ. ಯಾರು ಕೇಳುತ್ತಾರೆ! ಮೈಕಣ್ಣ ಕಣ್ಣು ಮುಚ್ಚಿದ.

"ಬೆಳಿಗ್ಗೆ... ಅಲ್ಲ, ಊಟ ಆದ್ಮೇಲೆ. ಬಾಟಲಿ ಎಲ್ಲಾ ಸಾಲಾಗಿ ಇಟ್ಟಿತ್ತು, ಸುಳ್ಳಲ್ಲ ಮತ್ತೆ. ನಲ್ಲಿ ಹತ್ರ ಒಯ್ತಾರೆ ಅಂದ್ಕೊಂಡೆ. ಒಯ್ಲಿಲ್ಲ. ಆಫೀಸಲ್ಲಿ ನಮಗೆ ಕುಡಿಯೋಕೆ ಅಂತ ಕ್ಯಾನು ಇಡ್ತಾರಲ್ಲ, ಅದರಿಂದ್ಲೇ ತುಂಬಿದ್ರು. ಒಂದಲ್ಲ... ಎಲ್ಲಾ ಬಾಟಲಿನೂ. ನಾನೂ ಆ ಕ್ಯಾನಿನ ನೀರೇ ಕುಡೀತಿದ್ದೆ. ನಮ್ ಬೀದಿ ಮಕ್ಕಳು... ನಮ್ ಬೀದಿ ಮಕ್ಕಳು ನಲ್ಲಿದು ಕುಡೀತಿದ್ವು."

ದನಿ ಗಂಡಸಿನದೇ. ಆದರೆ ಅವಳು ಎಲ್ಲೆಲ್ಲಿ ನಿಂತಿದ್ದಳೋ ಅಲ್ಲಲ್ಲೇ ನಿಂತ, ಎಲ್ಲಿ ಉಸಿರು ಒಳಗೆಳೆದುಕೊಂಡಿದ್ದಳೋ ಅಲ್ಲೇ ಎಳೆದುಕೊಂಡ. ಅವನ ಆಯುಷ್ಯದಲ್ಲೇ ಅಷ್ಟು ಚೆನ್ನಾಗಿ ಅವನು ಮಾತಾಡಿರಲಿಲ್ಲ. ನಗುತ್ತಿದ್ದವರು ಬಾಯಿ ಮುಚ್ಚಿದರು. ಪ್ಲಾಟ್‌ಫಾರಂ ಕೇಳಿದವನು ತಲೆ ಕೆಳಗೆ ಹಾಕಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಸಭಾಂಗಣವೆಲ್ಲ ತಟ್ಟಿತು. ಜನ ನಂಬಿದರು! ಮೈಕಣ್ಣನಿಗೆ ಎದೆ ತುಂಬಿ ಬಂತು. ಕಣ್ಣು ತೆರೆದು, ಸದ್ಯ ಉಳಿಸಿದೆ ಎಂದುಕೊಂಡು ಎರಡನೆಯ ಸಾಲಿನ ಕಡೆ ನೋಡಿದ.

ಆ ಸಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಮೊದಲು ಜೊತೆಗಾತಿ, ಅವಳ ಪಕ್ಕದ ಹುಡುಗಿ, ಆಮೇಲೆ ಆಚೆ ಕೂತ ಗುಮಾಸ್ತ, ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಕಂದು ಶಾಲಿನವಳ ಕಡೆ ತಿರುಗಿದ್ದರು. ಅವರಾರೂ ಕೆಟ್ಟವರಲ್ಲ, ಬೇಕೆಂದು ಮಾಡಿದ್ದೂ ಅಲ್ಲ. ದಿನವೂ ಪಕ್ಕದಲ್ಲಿ ಕೇಳುವ ಮಾತು ಕಿವಿಗೆ ಬಿದ್ದರೆ ಕತ್ತು ತಾನಾಗಿಯೇ ತಿರುಗುತ್ತದೆ. ಸಾಲಿನ ತುದಿಯಲ್ಲಿದ್ದ ಮೇಲ್ವಿಚಾರಕ ಮೈಕಣ್ಣನ ಕಡೆ ನೋಡಲೇ ಇಲ್ಲ. ಅವನು ತನ್ನ ಸಿಬ್ಬಂದಿಯ ಮುಖಗಳನ್ನು ನೋಡಿದ, ಅವು ತಿರುಗಿದ ದಿಕ್ಕನ್ನು ನೋಡಿದ, ನೋಡಿ ಸಮಾಧಾನವಾಗಿ ಕುಳಿತುಕೊಂಡ.