ಸುಟ್ಟ ಸಕ್ಕರೆಯ ಕೇಕು

ಇದನ್ನು ನೀವು ಕೇಳಲೇಬೇಕು. ಕೇಕಿನ ಕಥೆ ತಾನೇ ಎಂದು ಅರ್ಧಕ್ಕೆ ಎದ್ದು ಹೋಗಬೇಡಿ, ಒಂದು ಗಳಿಗೆ ಕೂತು ಪೂರ್ತಿ ಕೇಳಿ.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಜಮತ್ ಉಲ್ಲಾ ಅವರ ಬೇಕರಿ. ಮಗಳು ಶಿರೀನ್‌ಗೆ ಹದಿನೇಳು ವರ್ಷ. ಬೇಕರಿಯ ಕಟ್ಟಿಗೆ ಭಟ್ಟಿಯಲ್ಲಿ ಬೆಳಗ್ಗೆ ಬ್ರೆಡ್ಡು, ಆಮೇಲೆ ರಸ್ಕು. ರಸ್ಕು ತೆಗೆದ ಮೇಲೆ ಶಾಖ ಮೆತ್ತಗಾಗುತ್ತದೆ. ಪ್ರತಿ ವರ್ಷ ಡಿಸೆಂಬರ್ ಇಪ್ಪತ್ನಾಲ್ಕರಂದು ಆ ಮೆತ್ತನೆಯ ಶಾಖ ಸೊರಬದ ನರ್ಸಮ್ಮನ ಕ್ರಿಸ್‌ಮಸ್ ಕೇಕಿಗೆ ಮೀಸಲು.

ನರ್ಸಮ್ಮ ಸೊರಬದಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವರು. ಶಿರೀನ್‌ಳ ತಾಯಿ ಬದರುನ್ನೀಸಾಗೆ ಸೊರಬವೇ ತವರು, ಹಾಗಾಗಿ ಶಿರೀನ್‌ಳನ್ನು ಮೊದಲು ಎತ್ತಿಕೊಂಡ ಕೈಯೂ ಅವರದೇ. ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಐವತ್ನಾಲ್ಕನೇ ಇಸವಿಯಲ್ಲಿ ನರ್ಸಿಂಗ್ ಕಲಿಯುವಾಗ ಮಿಷನ್ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೂತು ಬರೆದುಕೊಂಡದ್ದು. ಅಳತೆಯೆಲ್ಲ ಸಿಗರೇಟಿನ ದುಂಡು ಡಬ್ಬಿಯಲ್ಲಿ. ಎರಡು ಡಬ್ಬಿ ಮೈದಾ, ಒಂದು ಡಬ್ಬಿ ಬೆಣ್ಣೆ, ಆರು ಮೊಟ್ಟೆ. ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸು ಎಂದು ಬರೆದದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಕಿತ್ತಳೆ ರಸ' ಎಂದು ತಿದ್ದಿದ್ದರು. ಅಜಮತ್ ಸಾಹೇಬರ ಭಟ್ಟಿಗೆ ರಮ್ ಹೋಗಬಾರದಲ್ಲ!

ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ ನರ್ಸಮ್ಮ ಬರಲಿಲ್ಲ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೋಟ್‌ಬುಕ್ಕು, ನೆನೆಸಿದ ದ್ರಾಕ್ಷಿಯ ಬಾಟ್ಲಿ ಮತ್ತು ಒಂದು ಚೀಟಿ ಬಂದವು. 'ಶಿರೀನ್, ಹೊಟ್ಟೆಯಲ್ಲಿ ಗಡ್ಡೆಯಂತೆ. ಹೆಚ್ಚು ದಿನ ಇಲ್ಲ. ಗಂಜಿ ಕಹಿ, ಹಾಲು ಕಹಿ, ನೀರೂ ಕಹಿ. ಈ ಕೇಕೊಂದು ಕಹಿ ಆಗುವುದಿಲ್ಲ ಎಂದು ನನಗೆ ನಂಬಿಕೆ. ನೀನೇ ಮಾಡಿ ತಾ.'

ಶಿರೀನ್ ಆ ಚೀಟಿಯನ್ನು ಎಷ್ಟು ಸಲ ಓದಿದಳೋ. ಪ್ರತಿ ವರ್ಷ ಪಕ್ಕದಲ್ಲಿ ನಿಂತು ನೋಡಿದವಳು, ಕೈಯಾರೆ ಮಾಡಿದ್ದು ಒಮ್ಮೆಯೂ ಇಲ್ಲ.

ಆಗ ರಂಜಾನ್ ತಿಂಗಳು. ಮನೆಯವರಿಗೆಲ್ಲ ರೋಜಾ, ಹಗಲಿಡೀ ಉಪವಾಸ. ಶಿರೀನ್‌ಗೆ ಮಾತ್ರ ಕೇಕು ಮಾಡುವ ಆ ಇಪ್ಪತ್ನಾಲ್ಕರಂದು ಇರಲಿಲ್ಲ, ಹಿಂದಿನ ದಿನ ಮುಟ್ಟಾಗಿದ್ದಳು. ಆ ದಿನಗಳಲ್ಲಿ ರೋಜಾ ಇಡುವಂತಿಲ್ಲ. ಆದರೆ ಇದು ಅಬ್ಬಾಗಾಗಲಿ ಅಣ್ಣನಿಗಾಗಲಿ ಗೊತ್ತಾಗಬಾರದು. "ಗಂಡಸ್ರ ಮುಂದೆ ರೋಜಾ ಇದ್ದಂಗೇ ಇರ್ಬೇಕು. ಒಳಗೆ ಬಂದು ತಿನ್ನು, ಬಾಯಿ ತೊಳ್ಕೊಂಡು ಹೋಗು" ಎಂದು ಅಮ್ಮಿ ಮೊದಲ ಸಲವೇ ಕಲಿಸಿದ್ದಳು. ಅಡುಗೆಯ ರುಚಿ ನೋಡಲು ಬಾಯಲ್ಲಿಟ್ಟು ಉಗಿದರೆ ರೋಜಾ ಮುರಿಯಲ್ಲ ಅಂತಲೂ ಅವಳೇ ಹೇಳಿದ್ದಳು. ಅಬ್ಬಾ ಅದನ್ನೂ ಒಪ್ಪುತ್ತಿರಲಿಲ್ಲ. "ಗಿರಾಕಿ ನೋಡಿದ್ರೆ ಏನಂತಾರೆ? ನನ್ನ ಬೇಕರಿಯಾಗೆ ಹಗಲೊತ್ತು ಯಾರ ಬಾಯೂ ಆಡಬಾರ್ದು."

ಕೇಕಿಗೆ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯ ಪಾಕದಿಂದ. ಶಿರೀನ್ ಸಕ್ಕರೆಯ ಬಾಣಲೆಯನ್ನು ಒಲೆಗಿಟ್ಟು, ಕಾಯುವಾಗ ನೋಟ್‌ಬುಕ್ಕಿನ ಮುಂದಿನ ಹಾಳೆ ತಿರುವಿದಳು. ಶುಂಠಿ ಬಿಸ್ಕತ್ತು! ನಕ್ಷತ್ರದ ಆಕಾರ! ರವೆ-ತೆಂಗಿನಕಾಯಿ ಕೇಕು! ಎಲ್ಲವನ್ನೂ ಮಾಡಿ ನೋಡಬೇಕು ಎಂದು ಓದುತ್ತಲೇ ಹೋದಳು. ತಲೆಯೆತ್ತಿದಾಗ ಬಾಣಲೆಯಿಂದ ದಟ್ಟ ಹೊಗೆ. ಗಾಬರಿಯಾಗಿ ಬಿಸಿನೀರು ಸುರಿದಳು. ಪಾಕ ಕಾಡಿಗೆಯಂತೆ ಕಪ್ಪಗಿತ್ತು.

ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿತ್ತು: 'ಆರಿದ ಮೇಲೆ ನಾಲಿಗೆಗೆ ಮುಟ್ಟಿಸು. ಕಹಿಯಾದರೆ ಚೆಲ್ಲು, ಇನ್ನೊಮ್ಮೆ ಸುಡು.'

ಆರಿದ ಪಾಕದಲ್ಲಿ ಬೆರಳದ್ದಿ, ಮೈದಾ ಚೀಲಗಳ ಹಿಂದೆ ಹೋಗಿ ನಾಲಿಗೆಗಿಟ್ಟಳು. ಬೇವಿನ ಕಡ್ಡಿ ಅಗಿದ ಹಾಗಾಯಿತು.

"ಅಬ್ಬಾ, ಪಾಕ ಸೀದೋಗೈತೆ. ಇನ್ನೊಂದ್ಸಲ ಮಾಡ್ತೀನಿ."

"ಯಾರ್ ಹೇಳಿದ್ರು ಸೀದೋಗೈತೆ ಅಂತ?"

"ಸುಟ್ಟ ವಾಸನೆ ಬರ್ತೈತಲ್ಲ..."

"ಸುಟ್ಟ ಸಕ್ಕರೆ ಸುಟ್ಟ ವಾಸನೆ ಬರ್ದೆ ಅತ್ತರ್ ವಾಸನೆ ಬರ್ತೈತಾ ಬೇಟಿ?" ಅಜಮತ್ ಉಲ್ಲಾ ನಕ್ಕರು. "ನರ್ಸಮ್ಮನ ಪಾಕನೂ ಇಷ್ಟೇ ಕಪ್ಪು. ಬೇಗ ಕಲಸು, ರಸ್ಕ್ ತೆಗ್ದಾಯ್ತು. ಭಟ್ಟಿ ನಿನಗೋಸ್ಕರ ಕಾಯ್ತಾ ಕೂರಲ್ಲ."

ಅಣ್ಣ ರಿಹಾನ್ ರಸ್ಕಿನ ಟ್ರೇ ಹೊತ್ತು ಹೋಗುತ್ತ ಕೆಣಕಿದ. "ಏನ್ ಮೇಡಂ, ರುಚಿ ನೋಡಿದಂಗೆ ಮಾತಾಡ್ತೀಯ?"

ಶಿರೀನ್‌ಗೆ ಕಿವಿಯವರೆಗೂ ಬಿಸಿಯೇರಿತು. ಬೆರಳನ್ನು ದುಪಟ್ಟಾದೊಳಗೆ ಒರೆಸಿಕೊಂಡಳು. ಪಾಕವನ್ನು ಹಿಟ್ಟಿಗೆ ಸುರಿದಳು. ದ್ರಾಕ್ಷಿ ಸಿಹಿಯಲ್ಲವಾ, ಅದು ಕಹಿಯನ್ನು ಮುಚ್ಚುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಬೆಳಗ್ಗೆ ಅಣ್ಣ ತಂಗಿ ಬಸ್ಸಿನಲ್ಲಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದರು. ಕೇಕಿನ ಡಬ್ಬಿ ಶಿರೀನ್‌ಳ ತೊಡೆಯ ಮೇಲಿತ್ತು. ಡಬ್ಬಿಯನ್ನು ಕಿಟಕಿಯಾಚೆ ಬೀಳಿಸಿಬಿಡಲೇ ಎಂದು ದಾರಿಯಲ್ಲಿ ಎರಡು ಸಲ ಅನ್ನಿಸಿತು. ಬೀಳಿಸಲಿಲ್ಲ.

ನರ್ಸಮ್ಮ ಮಂಚದ ಮೇಲೆ ಮಗುವಿನಷ್ಟಾಗಿದ್ದರು. ನೋಡಿಕೊಳ್ಳುತ್ತಿದ್ದದ್ದು ಪಕ್ಕದ ಮನೆಯ ತಿಮ್ಮಮ್ಮ. ಡಬ್ಬಿಯ ಮುಚ್ಚಳ ತೆಗೆದದ್ದೇ ನರ್ಸಮ್ಮನ ಕಣ್ಣು ಅರಳಿತು.

"ನಮ್ಮ ಮಿಷನ್ ಅಡುಗೆಮನೆಯದೇ ಪರಿಮಳ ಮಾರಾಯ್ತಿ! ಚೂರು ಕೊಡು."

ಶಿರೀನ್ ಉಗುರಿನಷ್ಟು ಮುರಿದು ಅವರ ಬಾಯಿಗಿಟ್ಟಳು. ನರ್ಸಮ್ಮ ಕಣ್ಣು ಮುಚ್ಚಿಕೊಂಡು ಚಪ್ಪರಿಸಿದರು. ಹಣೆ ಸುಕ್ಕಾಯಿತು. ಇನ್ನೊಂದು ಚೂರು ಕೇಳಿದರು. ಅದನ್ನು ನುಂಗಲಾಗದೆ ಅಂಗೈಗೆ ಉಗಿದರು.

"ಇದೂ ಕಹಿ ಆಯ್ತಲ್ಲೇ. ನನ್ನ ಬಾಯಿ ಪೂರ್ತಿ ಹೋಯ್ತು."

"ಕೇಕೇ ಕಹಿ ಇರ್ಬೋದು ಕಣ್ರೀ, ಹುಡುಗಿ ಮೊದ್ಲ ಸಲ ಮಾಡಿದ್ದಲ್ವ?" ಅಂದಳು ತಿಮ್ಮಮ್ಮ. "ನಾವು ಮೊಟ್ಟೆ ಮುಟ್ಟೋರಲ್ಲ, ಇಲ್ದಿದ್ರೆ ನಾನೇ ತಿಂದು ಹೇಳ್ತಿದ್ದೆ. ನೀವ್ಯಾರಾದ್ರೂ ತಿಂದು ಹೇಳ್ರಪ್ಪ."

"ನಮ್ದು ರೋಜಾ ಅಲ್ವಾ ಅಮ್ಮ" ಎಂದ ಬಾಗಿಲಲ್ಲಿ ನಿಂತಿದ್ದ ರಿಹಾನ್.

ನರ್ಸಮ್ಮ ಶಿರೀನ್‌ಳ ಮುಖವನ್ನೇ ನೋಡಿದರು. ಮೂವತ್ತು ವರ್ಷ ಹೆಂಗಸರ ಮುಖ ಓದಿದ ಕಣ್ಣು ಅದು.

"ನಿಂದೂ ರೋಜಾನಾ ಇವತ್ತು?"

ಒಂದೇ ಒಂದು ಮಾತು ಬೇಕಿತ್ತು. ನಿಮ್ಮ ಬಾಯಿ ಸರಿಯಾಗಿಯೇ ಇದೆ ನರ್ಸಮ್ಮ, ಪಾಕ ಕೆಟ್ಟಿತ್ತು, ನಾನು ನಾಲಿಗೆಗೆ ಇಟ್ಟು ನೋಡಿದ್ದೆ. ಆದರೆ ಬಾಗಿಲಲ್ಲಿ ರಿಹಾನ್ ಇದ್ದ. ಆ ಮಾತು ಸಂಜೆಯೊಳಗೆ ಅಬ್ಬಾಗೆ ಮುಟ್ಟುತ್ತಿತ್ತು.

"ಹೂಂ, ನರ್ಸಮ್ಮ. ರೋಜಾ."

ನರ್ಸಮ್ಮ ಅವಳ ಕೈಯನ್ನು ಒಮ್ಮೆ ತಟ್ಟಿ, ಗೋಡೆ ಕಡೆ ಹೊರಳಿಕೊಂಡರು.

ಒಂಬತ್ತನೇ ದಿನ ತಿಮ್ಮಮ್ಮ ಹೇಳಿ ಕಳಿಸಿದಳು. ನರ್ಸಮ್ಮ ಹೋದರು. ಕೇಕು ತಿಂದ ದಿನದಿಂದ ಒಂದು ಚಮಚ ಗಂಜಿಗೂ ಬಾಯಿ ತೆರೆಯಲಿಲ್ಲವಂತೆ. ಎಷ್ಟು ಬೇಡಿಕೊಂಡರೂ ಒಂದೇ ಮಾತಂತೆ: "ಕೇಕೂ ಕಹಿ ಆದ್ಮೇಲೆ ಇನ್ನೇನಿದೆ, ಸಾಕು ಬಿಡು."

ಸುದ್ದಿ ಬಂದಾಗ ಶಿರೀನ್ ರಸ್ಕಿನ ಟ್ರೇ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು. ನೋಟ್‌ಬುಕ್ ಇವತ್ತಿಗೂ ಅವಳ ಹತ್ತಿರವೇ ಇದೆ, ಅದನ್ನು ಮತ್ತೆ ಬಿಚ್ಚಿಲ್ಲ.

ಹೇಳಿ, ಬಾಗಿಲಲ್ಲಿ ಅಣ್ಣ ನಿಂತಿರುವಾಗ, ಮಂಚದಿಂದ ಆ ಪ್ರಶ್ನೆ ಬಂದಾಗ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?