ಬೇಸಿಗೆಯಲ್ಲಿ ಕಂಡ ಬಯಲು

ಕಾಡಿನ ನಡುವೆ ಒಂದು ಒಣ ಬಯಲಿತ್ತು. ಮೇಲೆ ಗೇಣುದ್ದ ಮಣ್ಣು, ಕೆಳಗೆಲ್ಲ ಬಂಡೆ. ಹೋದ ವರ್ಷ ಬೇಸಿಗೆಯಲ್ಲಿ ಅರಣ್ಯ ಕಚೇರಿಯ ಸರ್ವೆಯರ್ ಅಲ್ಲಿಗೆ ಹೋಗಿ, 'ಖಾಲಿ ಜಾಗ, ಬರೀ ಒಣಹುಲ್ಲು, ಸಸಿ ನೆಡಬಹುದು' ಎಂದು ವರದಿ ಬರೆದು ಕೈತೊಳೆದುಕೊಂಡಿದ್ದ. ನೆತ್ತಿ ಸುಡುವ ಬಿಸಿಲಲ್ಲಿ ನೆಲ ಕೆದಕಿ ನೋಡುವ ತಾಳ್ಮೆ ಯಾರಿಗಿರುತ್ತದೆ? ಆ ವರದಿ ನಂಬಿ ಕಚೇರಿ ಎರಡು ಸಾವಿರ ಸಸಿ ಬೆಳೆಸಲು ಹೇಳಿತು. ಬೆಳೆಸಿದವಳು ಬೇರೆ ಯಾರೂ ಅಲ್ಲ, ಕಚೇರಿಯ ನರ್ಸರಿ ನೋಡಿಕೊಳ್ಳುವ ಅವನ ಸ್ವಂತ ಅಕ್ಕ.

ಈ ವರ್ಷ ಮಳೆ ಬಿದ್ದು ಎರಡು ವಾರಕ್ಕೆ, ಗುಂಡಿಗಳಿಗೆ ಗುರುತು ಹಾಕಲು ಸುಣ್ಣದ ಪುಡಿ ಹಿಡಿದು ಹೋದವನಿಗೆ ಕಾಲಿಡಲು ಜಾಗ ಸಿಗಲಿಲ್ಲ. ಬೇಸಿಗೆಯಿಡೀ ಗೆಡ್ಡೆಯಾಗಿ ಮಣ್ಣೊಳಗೆ ಮಲಗಿದ್ದವೆಲ್ಲ ಎದ್ದು ಕೂತಿದ್ದವು. ಬಿಳಿ ಹೂವಿನ ನೆಲದ ಆರ್ಕಿಡ್, ಬೆರಳುದ್ದದ ಹಳದಿ ಹೂಗಳು, ಅಂಟೆಲೆಯಲ್ಲಿ ನೊಣ ಹಿಡಿಯುವ ಪುಟ್ಟ ಕೆಂಪು ಗಿಡ. ಎಲ್ಲವೂ ಬಿಸಿಲು ಬೇಡುವ ಜಾತಿ. ಮರದ ನೆರಳು ಬಿದ್ದರೆ ಹೇಳಹೆಸರಿಲ್ಲದಂತಾಗುತ್ತವೆ. ಸಸಿ ನೆಡಬೇಡಿ ಎನ್ನಬೇಕಾದರೆ ತನ್ನ ವರದಿಯೇ ತಪ್ಪೆಂದು ಒಪ್ಪಬೇಕು. ಮುಂದಿನ ತಿಂಗಳು ಅವನಿಗೆ ಬಡ್ತಿ ಸಿಗುವುದಿತ್ತು.

"ಏನೋ, ಸುಣ್ಣ ಹಾಗೇ ವಾಪಸ್ ತಂದಿದ್ದೀಯ?" ಎಂದಳು ಅಕ್ಕ, ಸಸಿಗಳಿಗೆ ನೀರು ಹಾಕುತ್ತ.

ಅವನು ನಡೆದದ್ದನ್ನೆಲ್ಲ ಹೇಳಿದ.

"ಹುಲ್ಲು ಉಳಿಸೋಕೆ ಮರ ಬೇಡ ಅಂತೀಯಾ? ತಲೆ ನೆಟ್ಟಗಿದೆಯಾ? ವರ್ಷವಿಡೀ ಮಕ್ಕಳ ಹಾಗೆ ಸಾಕಿದೀನಿ ಕಣೋ!"

"ಒಂದ್ಸಲ ಬಂದು ನೋಡಕ್ಕ."

ಗೊಣಗುತ್ತಲೇ ಬಂದಳು. ಬಯಲಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತವಳು ಬಹಳ ಹೊತ್ತು ಏಳಲಿಲ್ಲ. ಗಿಡ ಸಾಕಿದ ಕೈಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸಾಹೇಬರಿಗೆ ಹೀಗನ್ನು," ಎಂದಳು ಕೊನೆಗೆ. "ಸಸಿಗೆಲ್ಲ ಬೇರುಕೊಳೆ ಬಂದಿದೆ, ನೆಟ್ಟರೂ ಬದುಕಲ್ಲ ಅಂತ. ಬಯಲೂ ಉಳಿಯುತ್ತೆ, ನಿನ್ನ ಬಡ್ತಿಯೂ ಉಳಿಯುತ್ತೆ. ನಾನು ನಾಲ್ಕು ಬೈಗುಳ ತಿಂದ್ರೆ ಸವೆದು ಹೋಗಲ್ಲ."

ಅವನು ತಲೆ ತಗ್ಗಿಸಿದ. ಕಾಡಿನಿಂದ ನರ್ಸರಿಯವರೆಗೆ ದಾರಿಯುದ್ದಕ್ಕೂ ಅವನೂ ಅದನ್ನೇ ಯೋಚಿಸುತ್ತ ಬಂದಿದ್ದ. ಅಕ್ಕನ ಬಾಯಲ್ಲಿ ಅದನ್ನು ಕೇಳಿದಾಗ ತುಂಬ ನಾಚಿಕೆಯಾಯಿತು.

ಮರುದಿನ ಕಚೇರಿಯಲ್ಲಿ ಅವನು ಬಯಲಲ್ಲಿ ಸಸಿ ನೆಡುವುದು ಬೇಡ ಎಂದಾಗ ಸಾಹೇಬರು, "ಯಾಕೆ, ಸಸಿ ಸರಿಯಿಲ್ವಾ?" ಎಂದು ಕೇಳಿದರು.

"ಸಸಿ ಬಂಗಾರದಂಗಿವೆ ಸರ್. ನಾನೇ ಬೇಸಿಗೆಯಲ್ಲಿ ಹೋಗಿ, ಮೇಲೆ ಕಂಡಿದ್ದಷ್ಟೇ ಬರೆದೆ. ತಪ್ಪು ನಂದು."

ಸಸಿಗಳನ್ನು ರಸ್ತೆ ಬದಿಗೆ ನೆಡಲು ಅಪ್ಪಣೆಯಾಯಿತು. ಬಡ್ತಿ ಪಕ್ಕದ ಮೇಜಿನವನ ಪಾಲಾಯಿತು.

ಸುದ್ದಿ ಕೇಳಿ ಅಕ್ಕ ನೀರಿನ ಪೈಪು ಕೆಳಗಿಟ್ಟಳು. "ಹೇಳಿಕೊಟ್ಟ ಸುಳ್ಳು ಹೇಳೋಕೂ ಬರಲ್ವಲ್ಲೋ ದಡ್ಡ!" ಎಂದು ಬೈಯುತ್ತ ಬೈಯುತ್ತಲೇ ಅತ್ತುಬಿಟ್ಟಳು.